ಅತ್ತಿಗೆಯ ಉದಾಹರಣೆಗಳು

ನಮ್ಮತ್ತಿಗೆ ಬಾಯಿಬಿಟ್ಟು ಜಗಳವಾಡಿದವಳೇ ಅಲ್ಲ. ಅಣ್ಣನ ಜೊತೆ ನನ್ನ ಮನೆಗೆ ಬಂದು ಸೇರಿಕೊಂಡು, ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ವ್ಯಾಕರಣದ ಟ್ಯೂಷನ್ ನಡೆಸುತ್ತಾಳೆ. ಅವಳ ಜಗಳವೆಲ್ಲ ಬೋರ್ಡಿನ ಮೇಲಿನ ಉದಾಹರಣೆ ವಾಕ್ಯಗಳಲ್ಲಿ. ವಾಕ್ಯ ಸರಿಯಿದ್ದರೆ ಮಕ್ಕಳೆಲ್ಲ ಎದ್ದು ನಿಂತು ಗಟ್ಟಿಯಾಗಿ ಹೇಳಬೇಕು. ಅದು ಅವಳ ಪದ್ಧತಿ.

‘ನೈದರ್–ನಾರ್’ ಪಾಠದ ದಿನ, ಕ್ರಿಯಾಪದವು ಹತ್ತಿರದ ಕರ್ತೃಪದಕ್ಕೆ ಹೊಂದಬೇಕು ಎಂದು ವಿವರಿಸಿ, “ನನ್ನ ಗಂಡನಾಗಲಿ ಅವನ ತಂಗಿಯಾಗಲಿ ಒಂದು ತಟ್ಟೆ ತೊಳೆಯುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಬರೆದಳು. ಮಕ್ಕಳು ಕಿರುಚಿದ್ದು ಬೀದಿಗೆಲ್ಲ ಕೇಳಿತು. ಆ ತಂಗಿ ನಾನೇ. ಆಗ ಅಡುಗೆಮನೆಯಲ್ಲಿ ನನ್ನ ಕೈಯಲ್ಲಿದ್ದದ್ದು ಅವಳೇ ಉಂಡೆದ್ದ ತಟ್ಟೆ.

ಮೈಯೆಲ್ಲ ಉರಿದುಹೋಯಿತು. ಪಾತ್ರೆ ತಿಕ್ಕುತ್ತಲೇ ಅವಳ ಪಾಠವೆಲ್ಲ ನನಗೂ ಬಾಯಿಪಾಠವಾಗಿತ್ತು. ಮರುದಿನ ಮಕ್ಕಳ ಸಾಲಿನಲ್ಲಿ ಹೋಗಿ ಕುಳಿತೆ. ಅಂದು ‘ಬೋತ್–ಆಂಡ್’ ಪಾಠ. ಇಬ್ಬರು ಸೇರಿದರೆ ಕ್ರಿಯಾಪದ ಬಹುವಚನ.

“ಯಾರು ಉದಾಹರಣೆ ಕೊಡ್ತೀರಿ?” ಎಂದಳು. ನಾನು ಕೈ ಎತ್ತಿದೆ.

“ನಿನಗ್ಯಾಕೆ ಇದೆಲ್ಲ? ಒಳಗೆ ಹೋಗು.”

“ಕಲಿಯೋಕೆ ಬಂದಿದ್ದೀನಿ, ಅತ್ತಿಗೆ” ಎಂದವಳೇ ಇಂಗ್ಲಿಷಿನಲ್ಲಿ ಒದರಿದೆ: “ಟೀಚರೂ ಅವರ ಗಂಡನೂ ಇಬ್ಬರೂ ನಾದಿನಿಯ ಮನೆಯಲ್ಲಿ ಬಿಟ್ಟಿಯಾಗಿ ಬಿದ್ದಿದ್ದಾರೆ.”

ಅತ್ತಿಗೆಯ ಮುಖ ಕಪ್ಪಿಟ್ಟಿತು. ನನ್ನ ವಾಕ್ಯದಲ್ಲಿ ತಪ್ಪು ಹುಡುಕಿದಳು, ಮತ್ತೆ ಹುಡುಕಿದಳು. ಸಿಗಲಿಲ್ಲ.

“ಸರಿಯಾ ಮಿಸ್?” ಎಂದು ಮುಂದೆ ಕೂತಿದ್ದ ಹುಡುಗಿ ಕೇಳಿದಳು.

ಅತ್ತಿಗೆ ತಪ್ಪು ಎನ್ನದಿದ್ದರೆ ಸರಿ ಎಂದೇ ಲೆಕ್ಕ. ಮಕ್ಕಳೆಲ್ಲ ಎದ್ದು ನಿಂತರು.