ಸಿಸ್ಟರುಗಳ ಮಕ್ಕಳನ್ನು ನೋಡಿಕೊಂಡವಳು

ಶಾಲೆ ಮುಚ್ಚಿದರೆ ಮಕ್ಕಳು ಮಾಯವಾಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಗೇಟಿಗೆ ಬೀಗ ಜಡಿಯಬಹುದು, ಅದರ ಮೇಲೆ ಆದೇಶದ ಪ್ರತಿ ಅಂಟಿಸಬಹುದು. ಮಗು ಮಾತ್ರ ಮರುದಿನ ಬೆಳಗ್ಗೆಯೂ ಎದ್ದೇ ಏಳುತ್ತದೆ, ಹಸಿವು ಅಂದೇ ಅನ್ನುತ್ತದೆ, ಚಡ್ಡಿ ಒದ್ದೆ ಮಾಡಿಕೊಂಡು ಯಾರದೋ ಸೆರಗು ಹಿಡಿದು ನಿಂತೇ ನಿಲ್ಲುತ್ತದೆ. ಆ ಸೆರಗು ಯಾರದು ಎಂದು ಆದೇಶ ಬರೆದವರು ಕೇಳಲಿಲ್ಲ. ಓದಿದ ನಾವೂ ಕೇಳಲಿಲ್ಲ.

ಒಂದು ಶಾಲೆಯಲ್ಲಿ ಎಳೆಯ ಮಕ್ಕಳ ತರಗತಿಗೆ ಒಬ್ಬ ಆಯಾ ಇದ್ದಳು. ಮಕ್ಕಳ ಬಾಯಲ್ಲಿ ಅವಳು ದೊಡ್ಡಮ್ಮ. ಹೆಸರಿಗೆ ತಕ್ಕ ಮೈಯೇನೂ ಅಲ್ಲ, ಒಣಗಿದ ಕಡ್ಡಿಗೆ ಬಟ್ಟೆ ಸುತ್ತಿದ ಹಾಗಿದ್ದಳು. ಮೂಗು ಒರೆಸುವುದು, ಶೂ ದಾರ ಕಟ್ಟುವುದು, ಅಮ್ಮ ಬೇಕು ಎಂದು ಅಳುವವರನ್ನು ಸೊಂಟಕ್ಕೇರಿಸಿಕೊಂಡು ಕಿಟಕಿಯಾಚೆಯ ಕಾಗೆ ತೋರಿಸುವುದು ಅವಳ ಕೆಲಸ. ರೋಗ ಬಂತು, ಶಾಲೆ ಮುಚ್ಚಿತು, ಟೀಚರುಗಳು ಫೋನಿನಲ್ಲಿ ಪಾಠ ಶುರು ಮಾಡಿದರು. ಫೋನಿನಲ್ಲಿ ಮಗ್ಗಿ ಹೇಳಿಕೊಡಬಹುದು, ಮೂಗು ಒರೆಸಲಾಗದು. ಹಾಗಾಗಿ ಆಯಾಳನ್ನು ಬಿಟ್ಟರು. ಶಾಲೆಯ ಯಜಮಾನರು ಒಳ್ಳೆಯ ಮಾತಿನ ಮನುಷ್ಯ. "ಶಾಲೆ ತೆರೆದ ದಿನ ಮೊದಲ ಫೋನು ನಿಂಗೇ" ಎಂದು ಹೇಳಿ ಕಳಿಸಿಕೊಟ್ಟರು.

ಅವಳ ಮನೆ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಒಲೆ, ನಡುವೆ ಒಂದು ಪರದೆ. ಪರದೆಯ ಆಚೆ ಗಂಡ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹರೆಯವೆಲ್ಲ ಸವೆಸಿ, ಮನೆಗೆ ಬರುವಾಗ ಎದೆಯ ತುಂಬ ಕಲ್ಲಿನ ಪುಡಿ ತುಂಬಿಕೊಂಡು ಬಂದವನು. ಉಸಿರು ಎಳೆದರೆ ಎದೆಯಲ್ಲಿ ಶಿಳ್ಳೆ. "ಈ ರೋಗ ಮಾತ್ರ ಇವರ ಹತ್ರ ಸುಳೀಬಾರದು. ಬಂದ್ರೆ ಉಳಿಸ್ಕೊಳ್ಳೋದು ಕಷ್ಟ" ಎಂದು ಡಾಕ್ಟರು ಮೊದಲೇ ಹೇಳಿದ್ದರು. ಉಸಿರು ಕಟ್ಟಿದಾಗ ಬಾಯಿಗೆ ಹಿಡಿಯುವ ಔಷಧಿಯ ಪಂಪು ಗೂಡಿನಲ್ಲಿರುತ್ತಿತ್ತು. ಶಿಳ್ಳೆಯ ದನಿ ಬದಲಾದದ್ದು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಅವಳು ಪಂಪು ಹಿಡಿದು ಓಡುತ್ತಿದ್ದಳು. ಅಷ್ಟರಿಂದಲೇ ಅವನು ಉಳಿದುಕೊಂಡು ಬಂದಿದ್ದ.

ಬೀದಿಯ ತುದಿಗೆ ಆಸ್ಪತ್ರೆ. ಒಂದು ಬೆಳಗ್ಗೆ ಅಲ್ಲಿಯ ಚಿಕ್ಕ ಸಿಸ್ಟರ್ ಮಗಳನ್ನು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. "ದೊಡ್ಡಮ್ಮ, ಇವತ್ತೊಂದು ದಿನ ನೋಡ್ಕೊಳ್ಳಿ. ಇವಳನ್ನ ವಾರ್ಡಿಗೆ ಕರ್ಕೊಂಡು ಹೋಗೋಕಾಗುತ್ತಾ?" ಆ 'ಇವತ್ತೊಂದು ದಿನ'ಕ್ಕೆ ಬಾಲ ಬೆಳೆಯಿತು. ವಾರ ಕಳೆಯುವಷ್ಟರಲ್ಲಿ ಇನ್ನಿಬ್ಬರು ಸಿಸ್ಟರುಗಳ ಮಕ್ಕಳೂ ಬಂದವು, ಆಂಬುಲೆನ್ಸ್ ಡ್ರೈವರನ ಅವಳಿಗಳೂ ಬಂದವು. ಕೈಲಾದಷ್ಟು ಕೊಟ್ಟರು, ಅದರಲ್ಲೇ ಅವಳ ಒಲೆ ಉರಿಯಿತು. ಹೊಸ್ತಿಲ ಬಳಿ ಒಂದು ಟಬ್ಬು ಸೋಪಿನ ನೀರು. ಬಂದ ಮಗುವಿನ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಒಳಗೆ. ಪರದೆ ದಾಟಿದವರಿಗೆ ಪೆಟ್ಟು ಎಂಬ ಕಾನೂನು. ಕಾನೂನಿದ್ದರೇನು? ಚಿಕ್ಕ ಸಿಸ್ಟರಿನ ಮಗಳು ಚೂಟಿ ಪರದೆಯ ಸಂದಿನಲ್ಲಿ ಮೂಗು ತೂರಿಸಿ, "ಪೀಪಿ ತಾತ, ಒಂದ್ಸಲ ಊದು" ಎಂದು ಶಿಳ್ಳೆ ಕೇಳಿಸಿಕೊಂಡೇ ಬರುತ್ತಿದ್ದಳು.

ಹೀಗೆ ಐದು ಮಕ್ಕಳು ಆ ಕೋಣೆಯಲ್ಲಿ ಉಂಡು ಮಲಗಿದ್ದರಿಂದ ಅಲ್ಲಿ ವಾರ್ಡಿನ ಬಾಗಿಲು ತೆರೆದಿತ್ತು, ಆಂಬುಲೆನ್ಸಿನ ಚಕ್ರ ತಿರುಗುತ್ತಿತ್ತು. ನಾವು ಬಾಲ್ಕನಿಯಲ್ಲಿ ನಿಂತು ಸಿಸ್ಟರುಗಳಿಗೆ ಚಪ್ಪಾಳೆ ತಟ್ಟಿದೆವಲ್ಲ, ಅವರ ಕೈ ಖಾಲಿ ಮಾಡಿಕೊಟ್ಟವಳು ಇವಳು.

ಲಸಿಕೆ ಬಂತು. ಮೊದಲು ಮುಂಚೂಣಿಯವರಿಗೆ: ಡಾಕ್ಟರು, ಸಿಸ್ಟರು, ಆಸ್ಪತ್ರೆ ಗುಡಿಸುವವರು, ಪೊಲೀಸರು. ಆಮೇಲೆ ಅರವತ್ತು ದಾಟಿದವರಿಗೆ. ನ್ಯಾಯವಾದದ್ದೇ, ಯಾರೂ ಇಲ್ಲ ಎನ್ನುವುದಿಲ್ಲ. ದೊಡ್ಡಮ್ಮನ ಮನೆಯಲ್ಲಿ ಮಕ್ಕಳ ಆಟವೂ ಅದೇ ಆಯಿತು. ಚೂಟಿ ಪೆನ್ನಿನ ಮುಚ್ಚಳ ಹಿಡಿದು ಸಾಲು ನಿಲ್ಲಿಸಿದಳು.

"ನೀವು ಯಾವ ಡಿಪಾರ್ಟ್‌ಮೆಂಟು?"

"ಒಲೆ ಡಿಪಾರ್ಟ್‌ಮೆಂಟು ಕಣಮ್ಮ," ಎಂದಳು ದೊಡ್ಡಮ್ಮ.

"ಹಾಗಾದ್ರೆ ನಿಮಗಿಲ್ಲ. ಹಿಂದೆ ಹೋಗಿ."

ಪರದೆಯ ಆಚೆಯಿಂದ ಗಂಡ ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದ, "ಅರವತ್ತು ದಾಟಿದೋರಿಗೆ ಅಂದ್ರಲ್ಲ, ನಂಗೆ?"

"ನಿಂಗಿನ್ನೂ ಆಗಿಲ್ವಲ್ಲ."

"ನೋಡು, ಸಾಯೋಕೆ ಕೂತೋನಿಗೂ ವಯಸ್ಸು ಸಾಲ್ದು ಅಂತಾರೆ."

"ಬಾಯಿ ಮುಚ್ಕೊಂಡು ಉಸಿರಾಡು."

"ಬಾಯಿ ಮುಚ್ಕೊಂಡ್ರೆ ಉಸಿರೇ ಬರಲ್ಲ ಕಣೆ. ಅದೇ ತಾನೆ ನನ್ನ ರೋಗ."

ಚಿಕ್ಕ ಸಿಸ್ಟರಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ತನ್ನ ಮಗಳ ಮೈಮೇಲೆ ಹತ್ತಿ ರೋಗ ಈ ಮನೆಗೆ ಬಂದರೆ ಏನು ಗತಿ ಎಂದು ಅವಳಿಗೆ ಗೊತ್ತಿತ್ತು. ಒಂದು ಸಂಜೆ ವಾರ್ಡಿನ ಆಯಾಗಳು ತೊಡುವ ನೀಲಿ ಕೋಟೊಂದನ್ನು ತಂದು ಕೊಟ್ಟಳು.

"ನಾಳೆ ಇದನ್ನ ಹಾಕ್ಕೊಂಡು ಸಾಲಲ್ಲಿ ನಿಂತ್ಕೊಳ್ಳಿ. ಒಳಗೆ ಚುಚ್ಚೋಳು ನಾನೇ. ನಿಮಗೆ ಹಾಕಿದ್ರೆ ತಾತನಿಗೂ ಅರ್ಧ ಕಾವಲು ಸಿಕ್ಕ ಹಾಗೆ."

"ಸುಳ್ಳು ಹೇಳ್ಬೇಕಾ?"

"ಆಯಾ ಅಂತ ಹೇಳಿ. ಅದು ಸುಳ್ಳಾ? ಒಬ್ಬ ಆಯಾ ಜಾಸ್ತಿ ಆದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಮರುದಿನ ಹೋದಳು. ಲಸಿಕೆ ಹಾಕುತ್ತಿದ್ದದ್ದು ಅದೇ ಮುಚ್ಚಿದ ಶಾಲೆಯಲ್ಲಿ, ಅವಳದೇ ಎಳೆಯರ ತರಗತಿಯಲ್ಲಿ. ಪುಟ್ಟ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಗೋಡೆಯ ಚಿತ್ರಗಳ ಮೇಲೆ ಧೂಳು ಕೂತಿತ್ತು. ಅವಳ ಕೈ ತಾನಾಗಿಯೇ ಒರೆಸುವ ಬಟ್ಟೆಗೆ ತಡಕಾಡಿತು.

ಸಾಲಿನಲ್ಲಿ ಸ್ವಲ್ಪ ಮುಂದೆ ಶಾಲೆಯ ಯಜಮಾನರು ನಿಂತಿದ್ದರು. ಪಕ್ಕದವರಿಗೆ ಹೇಳುತ್ತಿದ್ದರು, "ಭಾಮೈದಂದು ಕ್ಲಿನಿಕ್ ಇದೆಯಲ್ಲ, ಅವರ ಸಿಬ್ಬಂದಿ ಲೆಕ್ಕದಲ್ಲಿ ನಂದೂ ಸೇರಿಸಿಬಿಟ್ಟ. ಬೇಡ ಅಂದ್ರೂ ಕೇಳ್ಲಿಲ್ಲ." ಜನ್ಮದಲ್ಲಿ ಒಂದು ಬ್ಯಾಂಡೇಜು ಸುತ್ತದ ಕೈ. ತಿರುಗಿದವರೇ ಇವಳನ್ನು ಕಂಡರು. ಅವರ ಮುಖ ನಿಜಕ್ಕೂ ಅರಳಿತು, ಅದನ್ನು ಹೇಳಲೇಬೇಕು.

"ನಮ್ಮ ಶಾಲೆ ಆಯಾ ಅಲ್ವಾ ನೀನು? ಆಸ್ಪತ್ರೆಗೆ ಯಾವಾಗ ಸೇರ್ಕೊಂಡೆ? ಒಂದು ಮಾತೂ ಹೇಳ್ಲಿಲ್ಲ."

ಸಾಲು ನೋಡಿಕೊಳ್ಳುತ್ತಿದ್ದ ಗಾರ್ಡಿನ ಕಿವಿ ನೆಟ್ಟಗಾಯಿತು. "ಏನಮ್ಮ, ನೀನು ಆಸ್ಪತ್ರೆ ಆಯಾನೋ, ಶಾಲೆ ಆಯಾನೋ?"

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಎಂದಲ್ಲ. ಕಾಗೆಗೆ ಹಲ್ಲಿದೆ, ಅತ್ತರೆ ಕಚ್ಚುತ್ತದೆ ಎಂದು ದಿನಾ ಹೇಳಿದವಳು. ದೊಡ್ಡವರ ಎದುರಿಗೆ ಅಭ್ಯಾಸವಿರಲಿಲ್ಲ.

"ಶಾಲೇದು," ಎಂದಳು. "ಈಗ ಸಿಸ್ಟರುಗಳ ಮಕ್ಕಳನ್ನ ನೋಡ್ಕೋತೀನಿ. ಅವರು ಡ್ಯೂಟಿಗೆ ಹೋಗ್ಬೇಕಲ್ಲ."

"ಮಕ್ಕಳು ನೋಡ್ಕೊಳ್ಳೋರಿಗೆಲ್ಲ ಇಲ್ಲಿ ಕಾಲಂ ಇಲ್ಲಮ್ಮ. ಈಚೆ ಬಾ."

'ಮತ್ತೆ ಇವರಿಗೆ ಯಾವ ಕಾಲಂ?' ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿದಳು. ನಾಳೆ ಶಾಲೆ ತೆರೆದರೆ ಮೊದಲ ಫೋನು ಬರಬೇಕಾದದ್ದು ಇದೇ ಮನುಷ್ಯನಿಂದ. ಬಿಸಿತುಪ್ಪವನ್ನಾದರೆ ತುಪ್ಪವೆಂದಾದರೂ ನುಂಗಬಹುದು. ಇದು ಬರೀ ಬಿಸಿ. ಒಳಗಿನ ಬಾಗಿಲಲ್ಲಿ ಚಿಕ್ಕ ಸಿಸ್ಟರ್ ಸಿರಿಂಜು ಹಿಡಿದು ನಿಂತು ಎಲ್ಲ ನೋಡಿದಳು, ಬಾಯಿ ಬಿಡಲಿಲ್ಲ. ಕೋಟು ಕೊಟ್ಟವಳು ಯಾರೆಂದು ಕೇಳಿದರೆ ಅವಳ ಕೆಲಸಕ್ಕೇ ಸಂಚಕಾರ.

"ಶಾಲೆ ತೆರೆಯೋವಾಗ ಫೋನ್ ಮಾಡ್ತೀನಿ" ಎಂದು ಯಜಮಾನರು ಕೈಬೀಸಿ, ಅಂಗಿಯ ತೋಳು ಮಡಚುತ್ತ ಒಳಗೆ ಹೋದರು.

ಸಂಜೆ ಸಿಸ್ಟರ್ ಬಂದು ಹೊಸ್ತಿಲಲ್ಲಿ ಅತ್ತಳು. "ನಾನು ಮಾತಾಡ್ಬೇಕಿತ್ತು ದೊಡ್ಡಮ್ಮ."

"ಬಿಡಿ. ಒಬ್ಬರ ಕೆಲಸ ಹೋಗಿದೆಯಲ್ಲ, ಸಾಕು," ಎಂದು ಅವಳು ಕೋಟು ಮಡಚಿ ಕೊಟ್ಟಳು. ಸಿಟ್ಟೂ ಇರಲಿಲ್ಲ. ಸಿಟ್ಟಿಗೂ ಸ್ವಲ್ಪ ಕಸುವು ಬೇಕು.

ವಾರ್ಡು ತುಂಬಿತು, ರೋಗಿಗಳನ್ನು ಜಗಲಿಯಲ್ಲಿ ಮಲಗಿಸಿದರು. ಅವಳಿಗಳಲ್ಲಿ ಒಂದಕ್ಕೆ ಕೆಮ್ಮು ಹತ್ತಿತು. ಅದು ಬರೀ ನೆಗಡಿ ಎಂದು ತಿಳಿಯುವವರೆಗೆ ದೊಡ್ಡಮ್ಮನ ಜೀವ ಅಂಗೈಯಲ್ಲಿ. ಬಾಗಿಲು ಹಾಕಿಬಿಡೋಣವೆಂದರೆ ಒಲೆ ಆರುತ್ತದೆ, ಪಂಪಿನ ಔಷಧಿ ನಿಲ್ಲುತ್ತದೆ, ಐದು ಮಕ್ಕಳು ಬೀದಿಗೆ. ಹಾಕದಿದ್ದರೆ ಪರದೆಯ ಆಚೆ ಇವನು. ಕೊನೆಗೆ ಅವನೇ ಹೇಳಿದ.

"ಮಕ್ಕಳನ್ನ ಕಳಿಸ್ಬೇಡ. ನನ್ನ ಕಳಿಸು."

"ಎಲ್ಲಿಗೆ? ನಿಂಗೇನು ಅರಮನೆ ಇದೆಯಾ?"

"ಎದುರುಗಡೆ ದರ್ಜಿ ಅಂಗಡಿ ಬಾಗಿಲು ಹಾಕಿದೆಯಲ್ಲ. ಈ ಕಾಲದಲ್ಲಿ ಹೊಸ ಬಟ್ಟೆ ಯಾರು ಹೊಲಿಸ್ತಾರೆ? ಕೀ ಕೇಳು."

ದರ್ಜಿ ಕೀ ಕೊಟ್ಟ. ದಿಂಬು, ರೇಡಿಯೋ, ಪಂಪು ಹಿಡಿದು ಗಂಡ ಬೀದಿ ದಾಟಿದ. ಅಷ್ಟು ದಾಟುವುದರಲ್ಲಿ ಎರಡು ಸಲ ಕೂತ. ಪಕ್ಕದ ಮನೆಯವನು ಕಿಟಕಿಯಿಂದ, "ಏನಣ್ಣ, ಹೆಂಡ್ತಿ ಹೊರಗೆ ಹಾಕಿದ್ಲಾ?" ಎಂದ.

"ಈ ವಯಸ್ಸಲ್ಲಿ ಐದು ಮಕ್ಕಳಾದ್ರೆ ಗಂಡನಿಗೆಲ್ಲಪ್ಪ ಜಾಗ," ಎಂದು ಇವನು ಷಟರಿನ ಕೆಳಗೆ ಬಗ್ಗಿ ಒಳಗೆ ಹೋದ.

ಹೊಲಿಗೆ ಯಂತ್ರದ ಮೇಜಿನ ಮೇಲೆ ತಟ್ಟೆ ಇಟ್ಟು, ಅವಳು ನಾಲ್ಕು ಮಾರು ಹಿಂದೆ ನಿಂತು ಮಾತಾಡಿಸುತ್ತಿದ್ದಳು. ಚಹಾ ಬೇಕೆನಿಸಿದರೆ ಅವನು ಷಟರಿಗೆ ಕತ್ತರಿಯಿಂದ ತಟ್ಟುತ್ತಿದ್ದ. ಮನೆಯಲ್ಲಿ ಶಿಳ್ಳೆ ಇರಲಿಲ್ಲ. ಇದ್ದಾಗ ನಿದ್ದೆ ಕೆಡಿಸುತ್ತಿದ್ದದ್ದು, ಇಲ್ಲವಾದಾಗ ಪೂರಾ ಕೆಡಿಸಿತು.

ಒಂದು ಮಧ್ಯಾಹ್ನ ಮಕ್ಕಳನ್ನು ಮಲಗಿಸುತ್ತಿದ್ದಳು. ನಾಲ್ಕು ಮಲಗಿದ್ದವು. ಚೂಟಿ ಮಾತ್ರ ಅವಳ ಬೆರಳು ಹಿಡಿದು, ಅಮ್ಮ ಯಾವಾಗ ಬರ್ತಾಳೆ ಎಂದು ಕೊರೆಯುತ್ತಿದ್ದಳು. ಆಗ ಎದುರಿನಿಂದ ತಟ್ಟುವ ಸದ್ದು ಕೇಳಿಸಿತು. ಈಗ ಎದ್ದರೆ ಮಗು ಎದ್ದು ಕೂರುತ್ತದೆ, ಉಳಿದವನ್ನೂ ಎಬ್ಬಿಸುತ್ತದೆ. ಚಹಾ ತಾನೆ, ಒಂದು ಗಳಿಗೆ ಕಾಯಲಿ ಎಂದುಕೊಂಡಳು. ಮತ್ತೊಮ್ಮೆ ತಟ್ಟಿತು, ನಿಂತಿತು. ಚೂಟಿಯ ಹಿಡಿತ ಸಡಿಲವಾದ ಮೇಲೆ ಚಹಾ ಕಾಯಿಸಿ ಒಯ್ದಳು.

ಅವನು ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದ. ಪಂಪು ಕೆಳಗೆ ಬಿದ್ದು ಮೇಜಿನಡಿ ಉರುಳಿಹೋಗಿತ್ತು. ಅಷ್ಟು ಬಗ್ಗುವ ಉಸಿರು ಅವನಲ್ಲಿರಲಿಲ್ಲ.

ಆಸ್ಪತ್ರೆಯವರು ಪರೀಕ್ಷೆ ಮಾಡಿದರು. "ನೆಗೆಟಿವ್ ಬಂದಿದೆಯಮ್ಮ. ಅವರಿಗೆ ಏನೂ ಇರ್ಲಿಲ್ಲ" ಎಂದರು. ಆ ದಿನ ರೋಗದಿಂದ ಸತ್ತವರ ಸಂಖ್ಯೆ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಅವನಿಲ್ಲ. ಯಾವ ಲೆಕ್ಕದಲ್ಲೂ ಇಲ್ಲ. ಅವಳಿಗೆ ಆ ದಿನ ಸಾಲಿನಲ್ಲಿ ಸೂಜಿ ಚುಚ್ಚಿದ್ದರೆ ಅವನು ಪರದೆಯ ಆಚೆ, ಅವಳ ಕೈಗೆ ಎಟಕುವಷ್ಟು ದೂರದಲ್ಲಿ ಇರುತ್ತಿದ್ದ. ರೋಗ ಮುಟ್ಟದೆಯೂ ಮನುಷ್ಯನನ್ನು ಕೊಲ್ಲಬಹುದು. ಸಾಲಿನಿಂದ ಒಬ್ಬಳನ್ನು ಈಚೆ ಕರೆದರಾಯಿತು.

ಕೆಲವು ದಿನ ಅವಳ ಬಾಗಿಲು ಮುಚ್ಚಿತ್ತು. ಸಿಸ್ಟರುಗಳು ಒಬ್ಬರ ಪಾಳಿ ಒಬ್ಬರು ಹಂಚಿಕೊಂಡು ಹೇಗೋ ತಳ್ಳಿದರು. ವಾರ್ಡಿನಲ್ಲಿ ಸಿಬ್ಬಂದಿ ಕೊರತೆ ಎಂದು ಸುದ್ದಿಯಾಯಿತು. ಕೊರತೆ ಯಾರದೆಂದು ಯಾರೂ ಬರೆಯಲಿಲ್ಲ. ಆಮೇಲೆ ಚಿಕ್ಕ ಸಿಸ್ಟರ್ ಚೂಟಿಯ ಕೈ ಹಿಡಿದು ಬಂದು ಹೊಸ್ತಿಲಲ್ಲಿ ನಿಂತಳು. ದೊಡ್ಡಮ್ಮ ಎದ್ದು ಟಬ್ಬಿಗೆ ನೀರು ತುಂಬಿದಳು.

ತಿಂಗಳುಗಳು ಕಳೆದು ಅವಳ ವಯಸ್ಸಿನವರ ಸರದಿ ಬಂತು, ಹಾಕಿಸಿಕೊಂಡಳು. ತೋಳು ನೋಯಿತು. ಶಾಲೆ ತೆರೆಯಿತು. ಯಜಮಾನರು ಮಾತಿಗೆ ತಪ್ಪಲಿಲ್ಲ, ಮೊದಲ ಫೋನು ಅವಳಿಗೇ. ಆರಂಭದ ಸಭೆಯಲ್ಲಿ ಅವರು ಮುಂಚೂಣಿಯ ಯೋಧರನ್ನು ನೆನೆದು ಗದ್ಗದರಾದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು, ಹೊಸದಾಗಿ ಸೇರಿದ ಮಗುವೊಂದರ ವಾಂತಿ ತೊಳೆಯುತ್ತಿದ್ದಳು.

ಈಗ ನೀವು. ಇಂದು ಬೆಳಗ್ಗೆ ನಿಮ್ಮ ಮಗುವನ್ನೋ, ನಿಮ್ಮ ಮುದಿ ತಾಯಿಯನ್ನೋ ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೊರಟಿರಿ? ಅವಳ ಮನೆಯಲ್ಲಿ ಯಾರಿದ್ದಾರೆ ಎಂದು ಇಂದೇ ಕೇಳಿ ತಿಳಿದುಕೊಳ್ಳಿ. ಇನ್ನೊಂದು ರೋಗ ಬರುತ್ತದೆ, ಇನ್ನೊಂದು ಸಾಲು ಶುರುವಾಗುತ್ತದೆ, ನಿಮಗೆ ಅದರಲ್ಲಿ ಹೇಗೋ ಒಂದು ಜಾಗ ಸಿಗುತ್ತದೆ. ಆ ದಿನ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಮುಂದೆ ನಿಲ್ಲಿಸಿ. ಅವಳಿಗೆ ಜಾಗವಿಲ್ಲ ಎಂದರೆ ನಿಮ್ಮದನ್ನು ಬಿಟ್ಟುಕೊಡಿ.