ನಾನು ಬಿಚ್ಚಿದ ಗಂಟು

ಹೋದ ವಾರ ನಮ್ಮ ಬೀದಿಗೆ ಹತ್ತಿ ಹಿಂಜುವ ಮಿಷನ್ನಿನ ಗಾಡಿ ಬಂದಿತ್ತು. ಯಾರದೋ ಹಳೇ ಹಾಸಿಗೆ ಬಿಚ್ಚಿ ಹಾಕಿದ್ದರು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದಿದ್ದೇ ತಡ, ಪಕ್ಕದ ಮನೆಯ ಹಾಸಿಗೆ ಹೊಲಿಯುವವಳು ನೆನಪಾದಳು. ಬಾಗಿಲು ಹಾಕಿಕೊಂಡೆ. ವಾಸನೆ ಹೋಯಿತು, ಅವಳು ಹೋಗಲಿಲ್ಲ.

ಎಪ್ಪತ್ತರ ದಶಕದ ಮಾತು. ಶಿಕಾರಿಪುರದಲ್ಲಿ ನಮ್ಮದೂ ಅವಳದೂ ಒಂದೇ ಗೋಡೆಯ ಮನೆ. ಸಾಬರವಳು, ಗಂಡ ಸತ್ತಿದ್ದ, ಇದ್ದೊಬ್ಬ ಮಗಳನ್ನು ಸೊರಬದ ಆಚೆ, ಕ್ಯಾಸನೂರಿನ ಕಡೆ ಕೊಟ್ಟಿದ್ದಳು. ಹೊಲಿದು ಉಳಿಸಿದ್ದನ್ನೆಲ್ಲ ಪೇಟೆಯ ಒಂದು ಖಾಸಗಿ ಫಂಡಿಗೆ ಕಟ್ಟುತ್ತಿದ್ದಳು. ಬೋರ್ಡು, ಮೇಜು, ಕನ್ನಡಕದ ಗುಮಾಸ್ತ ಎಲ್ಲ ಇದ್ದದ್ದಕ್ಕೆ ನಾವು ಅದನ್ನು ಬ್ಯಾಂಕು ಅಂತಲೇ ಕರೆಯುತ್ತಿದ್ದೆವು. ಒಂದು ಬೆಳಿಗ್ಗೆ ಬೋರ್ಡು ಇತ್ತು, ಮಿಕ್ಕಿದ್ದು ಇರಲಿಲ್ಲ. ಅವಳು ಮೂರು ದಿನ ಅದರ ಮೆಟ್ಟಿಲ ಮೇಲೆ ಕೂತಿದ್ದಳು...

ಆಮೇಲೆ ಸರ್ಕಾರದ ಬ್ಯಾಂಕಿನವರು ಮನೆಮನೆಗೆ ಬಂದು ಖಾತೆ ತೆರೆಯಿರಿ ಅಂದರು. ಇವಳು ಹಾಸಿಗೆ ಸೂಜಿ ತೋರಿಸಿ ಓಡಿಸಿದಳು. ಮತ್ತೆ ಎರಡು ವರ್ಷ ಹೊಲಿದು ಕೂಡಿಸಿದ್ದನ್ನು ಹಸಿರು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು.

"ಹಾಸಿಗೆಯೊಳಗೇ ಇಟ್ಟು ಹೊಲಿಯೇ ಮಾರಾಯ್ತಿ" ಅಂದೆ.

"ಅದರ ಮೇಲೆ ಮಲಗಿದ್ರೆ ನಿದ್ದೆ ಬರಲ್ಲ ಅಕ್ಕ. ಇದು ಅಮಾನತ್. ಹೆಂಗ್ ಕೊಟ್ಟೀನೋ ಹಂಗೇ ಇರ್ಬೇಕು. ಗಂಟು ಬಿಚ್ಚಬಾರದು."

ಅವರಲ್ಲಿ ಅದು ಕಟ್ಟುನಿಟ್ಟು. ನಂಬಿ ಕೊಟ್ಟದ್ದನ್ನು ಮುಟ್ಟುವಂತಿಲ್ಲ, ಬದಲಿಸುವಂತಿಲ್ಲ, ಅದೇ ಗಂಟು ಹಿಂದಕ್ಕೆ ಬರಬೇಕು. ನಾನು ತಲೆಯಾಡಿಸಿದೆ.

ನಮ್ಮ ಮನೆಯಲ್ಲೋ ಹೆಗ್ಗಣ, ಸಾಲದ್ದಕ್ಕೆ ಇಸ್ಪೀಟಿನ ಹುಚ್ಚಿನ ಮೈದುನ. ಗಂಟು ಇಟ್ಟಿದ್ದ ಅಟ್ಟವನ್ನು ಅವನು ತಡಕುವುದನ್ನು ಕಂಡ ದಿನ ಗಂಟು ಬಿಚ್ಚಿ, ದುಡ್ಡನ್ನು ಸರ್ಕಾರದ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಹಾಕಿ ಬಂದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಸೂಜಿ ನನಗೂ ತೋರಿಸುತ್ತಿದ್ದಳು. ಜಾಣತನ ಮಾಡಿದೆ ಅಂದುಕೊಂಡೆ.

ಬೇಸಿಗೆಯ ಒಂದು ಶನಿವಾರ ಸಂಜೆ ಓಡಿ ಬಂದಳು. ಮಗಳಿಗೆ ಮಂಗನ ಕಾಯಿಲೆ, ಮೂಗಲ್ಲಿ ರಕ್ತ ಬರುತ್ತಿದೆಯಂತೆ, ಕಾರು ಮಾಡಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಬೇಕು. "ಗಂಟು ಕೊಡು ಅಕ್ಕ."

ಬ್ಯಾಂಕು ಮಧ್ಯಾಹ್ನಕ್ಕೇ ಮುಚ್ಚಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಸೋಮವಾರ ಕೊಡ್ತಾರೆ. ಇದು ಓಡಿಹೋಗೋ ಬ್ಯಾಂಕಲ್ಲ ಕಣೇ."

"ಫಂಡಿನವನೂ ಸೋಮವಾರ ಅಂತಲೇ ಅಂದಿದ್ದ" ಅಂದಳು.

ಡಬ್ಬಿ ಕೆರೆದು ಮನೆಯಲ್ಲಿದ್ದಷ್ಟು ಕೊಟ್ಟೆ. ಬೀದಿಯಲ್ಲಿ ಕೇಳಿದೆವು. ಆ ಫಂಡು ಎಲ್ಲರ ಮನೆಯನ್ನೂ ಗುಡಿಸಿತ್ತು. ಸಿಕ್ಕಿದ್ದು ಬಸ್ಸಿಗಾಯಿತು, ಕಾರಿಗಾಗಲಿಲ್ಲ. ಅವಳು ಬಸ್ಸಿನಲ್ಲೇ ಸೊರಬಕ್ಕೆ ಹೋದಳು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಬ್ಯಾಂಕಿನವರು ಒಂದು ಪೈಸೆ ಕಮ್ಮಿ ಮಾಡಲಿಲ್ಲ. ಅದೇ ಹಸಿರು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ನಾನು ಮಗಳ ಊರು ಮುಟ್ಟುವಷ್ಟರಲ್ಲಿ ಹುಡುಗಿಯನ್ನು ಮಣ್ಣು ಮಾಡಿ ಬಂದಿದ್ದರು. ಶನಿವಾರವೇ ಸಾಗಿಸಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ... ಡಾಕ್ಟರೂ ಹೇಳಲಿಲ್ಲ.

ಗಂಟನ್ನು ಮುಂದಿಟ್ಟೆ. ಅವಳು ಅದರ ಮೇಲೆ ಬೆರಳಾಡಿಸಿದಳು.

"ಇದು ನಾನು ಹಾಕಿದ ಗಂಟಲ್ಲ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ಊರಿಗೆ ಬಂದು ಮತ್ತೆ ಹೊಲಿಯಲು ಕೂತಳು. ಮೊದಲು ಎಲ್ಲಿಗೆ ಹೋದರೂ ಮನೆಯ ಬೀಗದ ಕೈ ನನಗೆ ಕೊಟ್ಟು ಹೋಗುತ್ತಿದ್ದಳು. ಆಮೇಲೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ನಮ್ಮ ಬಾಗಿಲ ಮುಂದೆಯೇ ನಡೆದು, ಬೀದಿಯ ಕೊನೇ ಮನೆಗೆ ಕೊಟ್ಟು ಬರುತ್ತಿದ್ದಳು. ಸಾಯುವವರೆಗೂ ಹಾಗೇ ಮಾಡಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೊರಗೆ ಬಂದು ತಪ್ಪಾಯ್ತು ಅನ್ನಬಹುದಿತ್ತು, ಅನ್ನಲಿಲ್ಲ.

ಈಗ ಅದೇ ಬ್ಯಾಂಕಿನಲ್ಲಿ ನನ್ನ ಪಿಂಚಣಿ ಬರುತ್ತದೆ. ಕೌಂಟರಿನ ಹುಡುಗಿ "ಎಣಿಸ್ಕೊಳ್ಳಿ ಅಜ್ಜಿ" ಅನ್ನುತ್ತಾಳೆ. ಸರಿಯಾಗಿಯೇ ಇರುತ್ತದೆ. ಬ್ಯಾಂಕು ಯಾವತ್ತೂ ತಪ್ಪಿಲ್ಲ. ತಪ್ಪಿದ್ದು ನಾನು, ಅದನ್ನು ಕೇಳಬೇಕಾದವಳು ಗೋಡೆಯಾಚೆ ಇಲ್ಲ...