ಅನಸವ್ವನ ಕೆಚ್ಚು, ನಾರ್ವೆಯ ದೀಪ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಕೆಚ್ಚುವುದೆಂದರೆ ಅನಸವ್ವನೇ ಕೆಚ್ಚಬೇಕು. ಮಗ್ಗದ ಮೇಲೆ ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುವ ಕೆಲಸ ಅದು. ಅವಳು ಕೂಡಿಸಿದ್ದು ಬಿಚ್ಚಿತು ಅಂತ ಹೇಳಿದವರ ಬಾಯಲ್ಲಿ ಹುಳ ಬೀಳಲಿ! ಗಂಡ ಸತ್ತಾಗಲೂ ಆಕೆಯನ್ನು ಹಿಡಿದು ನಿಲ್ಲಿಸಿದ್ದು ಅದೇ ಹೆಸರು.

ಆದರೆ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಆಕೆಯ ಕಣ್ಣಿಗೆ ಬಿಳಿ ಹೂವು ಬಿದ್ದು ಎಳೆ ಕಾಣದಾಯಿತು. ಹೇಳಿದರೆ ಹಾಸು ಯಾರು ಕೊಡುತ್ತಾರೆ? ಸೊಸೆ ರುಕ್ಮವ್ವ ಪಕ್ಕದಲ್ಲಿ ಕೂತು ಎಳೆ ಆರಿಸಿ ಕೈಗಿಡುತ್ತ, ಕೆಂಪು, ಕರಿ ಅಂತ ಕಿವಿಯಲ್ಲಿ ಹೇಳುತ್ತಿದ್ದಳು. ಮಗ್ಗದ ಮನೆಯೋ ಹಗಲಲ್ಲೂ ಕತ್ತಲು, ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸಾವುಕಾರ ರಾಮಲಿಂಗಪ್ಪ ಕರೆಂಟಿನ ಮಗ್ಗ ತರಿಸಿದ. ಅದರ ಜೊತೆ ಒಂದು ದೀಪವೂ ಬಂತು. ಮೊಣಕೈಯಂತೆ ಮಡಚುತ್ತದೆ, ಸ್ಪ್ರಿಂಗು ಹಿಡಿದಿರುತ್ತದೆ, ಎಲ್ಲಿಗೆ ಎಳೆದರೆ ಅಲ್ಲೇ ನಿಲ್ಲುತ್ತದೆ. ಮಗ್ಗ ಕೂಡಿಸಲು ಇಚಲಕರಂಜಿಯಿಂದ ಬಂದಿದ್ದ ಫಿಟ್ಟರ್ ತುಕಾರಾಮ ಬಂದವರಿಗೆಲ್ಲ ಅದರ ಕತೆ ಹೇಳುತ್ತಿದ್ದ. ನಾರ್ವೆ ಅಂತ ಒಂದು ದೇಶವಂತೆ, ಚಳಿಗಾಲದಲ್ಲಿ ಅಲ್ಲಿ ಹಗಲೂ ಮಬ್ಬಂತೆ. ಇದನ್ನು ಮಾಡಿದ ಅಲ್ಲಿಯವನು ದೀಪದವನೇ ಅಲ್ಲ, ಬಟ್ಟೆ ಮಾಡುವ ಯಂತ್ರಗಳ ವ್ಯಾಪಾರಿ. ಇಂಗ್ಲೆಂಡಿನಿಂದ ತರಿಸಿದ ಯಂತ್ರಗಳ ಜೊತೆ ಬಂದಿದ್ದ ದೀಪ ಅವನ ಮನಸ್ಸಿಗೆ ಹಿಡಿಸಿತು; ಹಕ್ಕು ಕೊಂಡು, ತಿದ್ದಿ, ತನ್ನದು ಮಾಡಿದ.

ಇದು ಕಿವಿಗೆ ಬಿದ್ದದ್ದೇ ಅನಸವ್ವನಿಗೆ ಹುಚ್ಚು ಆಸೆ ಹುಟ್ಟಿತು. ನೂಲಿನ ಮಂದಿ ಮಾಡಿದ ದೀಪ ನೂಲು ತೋರಿಸದೆ ಇನ್ನೇನು ತೋರಿಸೀತು? ಬೇಡವೆಂದು ಸೊಸೆ ಗೋಗರೆದರೂ ಕೇಳದೆ, ಹೊಸ ಮಗ್ಗದ ಮೊದಲ ಹಾಸು ಮುಗಿಯುತ್ತ ಬಂದಾಗ, ಅದರ ಕೆಚ್ಚು ತನಗೇ ಬೇಕೆಂದು ಹೋಗಿ ಕೇಳಿದಳು. ಸಾವುಕಾರ ಖುಷಿಯಿಂದ ಒಪ್ಪಿದ.

ತುಕಾರಾಮ ದೀಪವನ್ನು ಆಕೆಯ ಕೈ ಹತ್ತಿರ ಎಳೆದು ಹಚ್ಚಿದ. ಕೆನ್ನೆಗೆ ಕಾವು ತಾಗಿತು. ಮನೆಯಲ್ಲಿ ಕಪ್ಪಗೆ ಇದ್ದದ್ದು ಇಲ್ಲಿ ಬರೀ ಬೆಳ್ಳಗಾಯಿತು, ಅಷ್ಟೇ. ಒಂದು ಎಳೆಯೂ ಕಾಣಲಿಲ್ಲ. ಇನ್ನೂ ಹತ್ತಿರ ಬಾಗಿದಳು. ಬಾಗಿದ ಮುಖದ ಮೇಲೆ ಬೆಳಕು ಬಿದ್ದು, ಹೂವು ಬಿದ್ದ ಕಣ್ಣು ನಿಂತವರಿಗೆಲ್ಲ ಕಂಡಿತು.

ರಾಮಲಿಂಗಪ್ಪ ಕೆಟ್ಟವನಲ್ಲ, ಬೈಯಲಿಲ್ಲ. “ಅನಸವ್ವ, ನಿನಗ ಕಾಣಾಂಗಿಲ್ಲ. ಇನ್ನ ಸಾಕ ಮಾಡು,” ಎಂದು ಜೊತೆಗೆ ಬಂದಿದ್ದ ಸೊಸೆಯನ್ನು ಆ ಜಾಗದಲ್ಲಿ ಕೂಡಿಸಿದ. ಬೈದಿದ್ದರೇ ಮೇಲಿತ್ತು.

ಮುದುಕಿ ಮನೆಗೆ ಹೋಗಲಿಲ್ಲ, ಗೋಡೆಗೆ ಆತು ಕೂತಳು. ಸಂಜೆ ಕೆಲಸ ಮುಗಿದಾಗ, ಹುಡುಗಿ ಗಡಬಡಿಸಿ ಸಡಿಲ ಬಿಟ್ಟಿರುತ್ತಾಳೆ, ತಾನು ನೋಡಲೇಬೇಕೆಂದು ಎದ್ದು ಬಂದಳು. ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು. ಒಂದಾದರೂ ಸಡಿಲ ಸಿಗಲಿ ದೇವರೇ ಎಂದು ಮತ್ತೆ ಆಡಿಸಿದಳು. ಎಲ್ಲವೂ ಬಿಗಿಯಾಗಿದ್ದವು, ಅವಳೇ ಕೆಚ್ಚಿದ ಹಾಗೆ.

ಆಗ ಹೆಬ್ಬೆರಳಿನ ಉಗುರಿನಿಂದ ಒಂದು ಎಳೆಯನ್ನು ಚಿವುಟಿ ಹರಿದಳು.

“ಇಲ್ಲೊಂದ ಬಿಟ್ಟೈತಿ ನೋಡ ರುಕ್ಮವ್ವ,” ಎಂದಳು.

ಆ ಬೆಳಕಿನಲ್ಲಿ ಎಲ್ಲರೂ ನೋಡಿದ್ದರು. ತುಕಾರಾಮ ಏನೋ ಹೇಳಲು ಬಾಯಿ ತೆರೆದ. ರುಕ್ಮವ್ವ ಕಣ್ಣಲ್ಲೇ ತಡೆದಳು. ಹರಿದ ಎರಡೂ ತುದಿಗಳನ್ನು ಹುಡುಕಿ ಅತ್ತೆಯ ಬೆರಳುಗಳ ನಡುವೆ ಇಟ್ಟಳು.

“ಹೌದ್ರಿ ಅತ್ತಿ, ನನ್ನಿಂದ ತಪ್ಪಾತು. ನೀವ ಕೂಡಸ್ರಿ.”